ಬೇರು ಒಪ್ಪಿದರೆ ನೀರು ಒಪ್ಪಿತು

ಸೂರ್ಯ ಇನ್ನೂ ತೊಗರಿ ಹೊಲದ ಬದುವಿನ ಮೇಲೇ ಇದ್ದಾನೆ. ಬೀದರ ನಗರ ಮುಗಿದು ಕಮಠಾಣದ ರಸ್ತೆ ಶುರುವಾಗುವಲ್ಲಿ ಒಂದು ತಗಡಿನ ಶೆಡ್ಡು. ಅದರ ಬಾಗಿಲಲ್ಲಿ ನಿಂತ ಲಲಿತಾಬಾಯಿ ಅಂಗೈಯಗಲದ ಬೆಳ್ಳಿ ಕಾಗದವೊಂದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಖಾನಾವಳಿಯವರು ರೊಟ್ಟಿ ಸುತ್ತಿಕೊಡುವ ಅಲ್ಯುಮಿನಿಯಂ ಕಾಗದವೇ ಅದು. ಒಂದು ನಿಮಿಷದ ಹಿಂದೆ ಉಕ್ಕಿನ ತೊಟ್ಟಿಯೊಳಗೆ ಇಳಿಬಿಟ್ಟಾಗ ನೆಟ್ಟಗಿತ್ತು. ಈಗ ಅದರ ತುಂಬ ಸೂಜಿ ಚುಚ್ಚಿದಂಥ ತೂತುಗಳು. ಒಂದೊಂದು ತೂತಿನಿಂದಲೂ ಬಿಸಿಲು ಸೋರಿ ಅವರ ಮುಖದ ಮೇಲೆ ಬೀಳುತ್ತಿದೆ.

“ಇಲ್ನೋಡ್ರಿ, ಈ ಮೂಲ್ಯಾಗ ತೂತೇ ಇಲ್ಲ. ಅಂದ್ರ ತೊಟ್ಟಿ ತಳದಾಗಿನ ಒಂದು ನಡುಗೋ ಬಿಲ್ಲಿ ದಣದದ. ಇವತ್ತ ಹತ್ತು ಮಿನಿಟ ಜಾಸ್ತಿ ಓಡಿಸಬೇಕು,” ಎನ್ನುತ್ತಾರೆ. ಕಾಗದವನ್ನು ಹಳೆಯ ನೋಟುಬುಕ್ಕಿಗೆ ಅಂಟಿಸಿ, ಕೆಳಗೆ ತಾರೀಖು ಬರೆದು, ಕಿವಿಗೆ ಎರಡು ದಪ್ಪ ಮುಚ್ಚಳ ಹಾಕಿಕೊಂಡು ಗುಂಡಿ ಒತ್ತುತ್ತಾರೆ. ಶೆಡ್ಡಿನ ತುಂಬ ಸುಂಯ್ ಎಂಬ ಸದ್ದು ಏಳುತ್ತದೆ. ಇನ್ನು ಒಂದು ಗಂಟೆ ಅವರ ಜೊತೆ ಯಾರೂ ಮಾತಾಡುವಂತಿಲ್ಲ, ಅವರೂ ಯಾರ ಜೊತೆಗೂ ಮಾತಾಡುವಂತಿಲ್ಲ. ನಾವು ಬಂದ ಈ ದಿನ ಬಿಟ್ಟರೆ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ, ಆ ಮಾತು ಬೇರೆ.

ಸುತ್ತಲಿನ ಬಟ್ಟೆಗೆ ಬಣ್ಣ ಹಾಕುವ ಘಟಕಗಳು ಮತ್ತು ಗುಳಿಗೆಯ ಪುಡಿ ಮಾಡುವ ಸಣ್ಣ ಕಾರ್ಖಾನೆಗಳ ಕೊಳೆನೀರು ಕೊಳವೆಯಲ್ಲಿ ಇಲ್ಲಿಗೆ ಬರುತ್ತದೆ. ಹೆಂಡಿ, ಮಣ್ಣು, ಸಾಬೂನಿನ ಹೊಲಸಾದರೆ ಹುಳುಹುಪ್ಪಟೆ ತಿಂದು ಮುಗಿಸುತ್ತವೆ. ಬಣ್ಣದ ಮತ್ತು ಔಷಧದ ಹೊಲಸನ್ನು ಯಾವ ಹುಳುವೂ ಮುಟ್ಟುವುದಿಲ್ಲ. ಅದಕ್ಕೇ ಈ ತೊಟ್ಟಿ. ತಳಕ್ಕೆ ಅಂಟಿಸಿದ ಬಿಲ್ಲೆಗಳು ಮನುಷ್ಯರ ಕಿವಿಗೆ ನಿಲುಕದಷ್ಟು ವೇಗದಲ್ಲಿ ನಡುಗಿ ಶ್ರವಣಾತೀತ ಧ್ವನಿ ಹೊರಡಿಸುತ್ತವೆ. ಆ ನಡುಕಕ್ಕೆ ನೀರಿನೊಳಗೆ ಕಣ್ಣಿಗೆ ಕಾಣದ ಗುಳ್ಳೆಗಳು ಲಕ್ಷಗಟ್ಟಲೆ ಹುಟ್ಟಿ ಒಡೆಯುತ್ತವೆ. ಒಡೆಯುವ ಆ ಗಳಿಗೆಯಲ್ಲಿ, ಗುಳ್ಳೆ ಇದ್ದ ಅಷ್ಟೇ ಜಾಗದಲ್ಲಿ, ಬೆಂಕಿಗಿಂತ ಹೆಚ್ಚಿನ ಕಾವು. ಬೆಳ್ಳಿ ಕಾಗದಕ್ಕೆ ತೂತು ಬೀಳುವುದೂ, ಕಿವಿಗೆ ಸುಂಯ್ ಎಂದು ಕೇಳುವುದೂ ಹೀಗೆ ಒಡೆಯುವ ಗುಳ್ಳೆಗಳಿಂದಲೇ. ಜೊತೆಗೆ ವೇಗವರ್ಧಕವಾಗಿ ಕಬ್ಬಿಣದ ಪುಡಿ, ಮೇಲೆ ಪೆರಾಕ್ಸೈಡ್ ಎಂಬ ದ್ರಾವಣ. ಮೂರೂ ಸೇರಿದರೆ ಎಂಥ ಹಟಮಾರಿ ಹೊಲಸೂ ಚೂರುಚೂರಾಗುತ್ತದೆ. ಲಲಿತಾಬಾಯಿ ಪೆರಾಕ್ಸೈಡನ್ನು ‘ದವಾ’ ಎನ್ನುತ್ತಾರೆ. ಉಳಿದದ್ದಕ್ಕೆಲ್ಲ ಅವರದ್ದು ಒಂದೇ ಹೆಸರು, ‘ಒಡೆಯೋ ಕೆಲಸ’.

ದಿನಕ್ಕೆ ಐದು ತೊಟ್ಟಿ, ತೊಟ್ಟಿಗೆ ಸಾವಿರ ಲೀಟರು. ಮೊದಲು ಆಸಿಡ್ ಹಾಕಿ ನೀರನ್ನು ಹುಳಿ ಮಾಡಬೇಕು, ಒಡೆಯುವ ಕೆಲಸ ಮುಗಿದ ಮೇಲೆ ಸುಣ್ಣ ಹಾಕಿ ಹುಳಿ ತೆಗೆಯಬೇಕು, ತಳದಲ್ಲಿ ಕೂತ ಕೆಂಪು ಗಸಿಯನ್ನು ಬಾಚಿ ಚೀಲಕ್ಕೆ ತುಂಬಬೇಕು. ಹುಳಿ ನೋಡುವ ಕಾಗದದ ಬಣ್ಣ ಓದುವುದರಲ್ಲಿ ಅವರನ್ನು ಮೀರಿಸಿದವರು ಈ ಕಡೆ ಇಲ್ಲ. ಇಷ್ಟಾಗಿಯೂ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇರುವುದು ಕಸ ಗುಡಿಸುವವರು ಎಂದು. ಏಳು ವರ್ಷದ ಹಿಂದೆ ಕಸಬರಿಗೆ ಹಿಡಿದೇ ಬಂದದ್ದು ನಿಜ. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಬಂದರು, ನೋಡಿದರು, ಕಲಿತರು. ಆಪರೇಟರ್ ಎಂದಿದ್ದ ಮನುಷ್ಯ ಬರಗಾಲದ ಮೊದಲ ವರ್ಷವೇ ಕೀಲಿಕೈ ಇವರ ಕೈಗಿಟ್ಟು, ಎರಡು ದಿನದಲ್ಲಿ ಬರುತ್ತೇನೆಂದು ಮುಂಬಯಿಗೆ ಹೋದ. ಎರಡು ವರ್ಷವಾಯಿತು, ಆ ಎರಡು ದಿನ ಇನ್ನೂ ಮುಗಿದಿಲ್ಲ.

ಹುಟ್ಟಿದ್ದು ಭಾಲ್ಕಿ ತಾಲ್ಲೂಕಿನ ಹಲಬರ್ಗಾ, ಕೊಟ್ಟಿದ್ದು ಔರಾದ ಕಡೆಯ ಎಕಂಬಾಕ್ಕೆ. ಗಂಡ ಹಾವಗೆಪ್ಪ ಸೆಂಟ್ರಿಂಗ್ ಕೆಲಸದವರು. ಎರಡು ಮುಂಗಾರು ಕೈಕೊಟ್ಟ ಮೇಲೆ ಎಕಂಬಾದ ಅವರ ಓಣಿಗೆ ಓಣಿಯೇ ಪುಣೆಯ ಲಾರಿ ಹತ್ತಿತು. ಹಾವಗೆಪ್ಪನೂ ಹತ್ತಿದರು. ಹೆಂಡತಿಗೂ ಜಾಗ ಹಿಡಿದಿದ್ದರು.

“ನಾ ಹೋಗಲಿಲ್ರಿ. ಮಷೀನ್ ನಾಕು ದಿನ ನಿಂತ್ರ ತೊಟ್ಟಿ ತುಂಬಿ ಹೊಲಸೆಲ್ಲ ನಾಲಾಕ್ಕ ಬೀಳ್ತದ. ನಾಲಾ ಇಲ್ಲಿ ಮಂದಿ ನೀರು ಸೇದೋ ಬಾವಿ ಬಾಜೂಕೇ ಹರೀತದ. ಇದ್ದ ನಾಕು ಬಾವ್ಯಾಗ ಕುಡಿಯೋವಷ್ಟರ ನೀರಿರೋದು ಅದೊಂದರಾಗೇ. ಹ್ಯಾಂಗ ಹೋಗ್ಲಿ?” ಲಾರಿ ಹೊರಟ ದಿನ ಅತ್ತರೇ ಎಂದು ಕೇಳಿದರೆ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳುತ್ತಾರೆ. “ಅತ್ತೆ. ಯಾಕ ಸುಳ್ಳು ಹೇಳ್ಲಿ? ಕಿವಿ ಮುಚ್ಚಳ ಹಾಕ್ಕೊಂಡು ಅತ್ತೆ. ನನ್ನ ಅಳು ನನಗೇ ಕೇಳ್ಸಲಿಲ್ಲ.”

ಆ ಮುಚ್ಚಳದ್ದೂ ಒಂದು ಕಾಟ. ಗಂಡ ಭಾನುವಾರ ಫೋನು ಮಾಡುತ್ತಾರೆ, ಇವರಿಗೆ ಕೇಳುವುದಿಲ್ಲ. ತೊಟ್ಟಿ ನಿಲ್ಲಿಸಿ ತಿರುಗಿ ಮಾಡುವಷ್ಟರಲ್ಲಿ ಅವರು ಸ್ಲ್ಯಾಬಿನ ಮೇಲೆ ಹತ್ತಿರುತ್ತಾರೆ, ಅಲ್ಲಿ ಎತ್ತುವುದಿಲ್ಲ. ಅದಕ್ಕಾಗಿ ಲಲಿತಾಬಾಯಿ ಈಗ ಫೋನನ್ನು ಕಣ್ಣೆದುರಿನ ಕಟ್ಟೆಯ ಮೇಲೆ ಇಡುತ್ತಾರೆ, ದೀಪ ಮಿನುಗಿದರೆ ಕಾಣಲಿ ಎಂದು. ಅದೇ ಕಟ್ಟೆಯ ಮೇಲೆ ಎರಡು ಮಣ್ಣಿನ ತಟ್ಟೆಗಳಿವೆ. ಕರಿಮಣ್ಣು ಹರಡಿ ಜೋಳ, ಗೋಧಿ, ಹೆಸರು, ಉದ್ದು, ಕಡಲೆ ಬಿತ್ತಿದ ತಟ್ಟೆಗಳು. ಬಾಗಿಲ ಬಳಿ ಒಂದು ನೀಲಿ ಬಕೆಟ್ಟು. ಬಕೆಟ್ಟು ಅವರದ್ದಲ್ಲ. ಅದು ಕುಲಸುಮಬೀಯವರದ್ದು, ಮತ್ತು ಲಲಿತಾಬಾಯಿಯ ಮನಸ್ಸಿನ ಭಾರವೆಲ್ಲ ಆ ಖಾಲಿ ಬಕೆಟ್ಟಿನಲ್ಲೇ ಇದೆ.

ಕುಲಸುಮಬೀ ರಸ್ತೆಯಾಚೆ ಇದ್ದವರು. ಇವರಿಗಿಂತ ಹತ್ತು ವರ್ಷ ದೊಡ್ಡವರು, ಇವರ ಪಾಲಿಗೆ ಆಪಾ, ಅಂದರೆ ಅಕ್ಕ. ಮೂರು ಎಮ್ಮೆಗಳ ಒಡತಿ. ಹಾಲು ಹಾಕಿ ಬರುವಾಗ ದಿನಾ ಒಂದು ಲೋಟ ಗಟ್ಟಿ ಚಹಾ ತಂದು, ತೊಟ್ಟಿಗೂ ತೊಟ್ಟಿಗೂ ನಡುವಿನ ಹತ್ತು ನಿಮಿಷದಲ್ಲಿ ಇವರ ಜೊತೆ ಕೂಡುತ್ತಿದ್ದರು. ಹಗಲೆಲ್ಲ ಲಲಿತಾಬಾಯಿಯ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ ಅದೊಂದೇ.

ಬರ ಬಂದಾಗ ಕಾರ್ಖಾನೆಗಳಿಗೂ ನೀರಿಲ್ಲ. ಅವರು ಇದ್ದ ನೀರನ್ನೇ ತಿರುತಿರುಗಿ ಬಳಸಿ, ಕೊನೆಗೆ ಕಳಿಸುವ ಕೊಳೆ ಕಾಕಂಬಿಯಷ್ಟು ದಪ್ಪವಾಯಿತು. ಮೊದಲಿನ ಅಳತೆಯ ದವಾ ಸಾಲದೆ ಲಲಿತಾಬಾಯಿ ಎರಡು ಪಾಲು ಸುರಿಯತೊಡಗಿದರು. ಕೆಮಿಸ್ಟ್ ಮುಜೀಬೋದ್ದೀನ ಸಾಹೇಬರೂ ಹೂಂ ಅಂದರು. ಅವರು ಬರುವುದು ಸೋಮವಾರ ಮತ್ತು ಗುರುವಾರ, ಮೋಟರ್ ಸೈಕಲ್ಲಿನ ಮೇಲೆ. ಇಲ್ಲಿ ಬಣ್ಣ ಮತ್ತು ಹುಳಿ ನೋಡಿ, ದೊಡ್ಡ ಪರೀಕ್ಷೆಗೆಂದು ಬಾಟಲಿಯನ್ನು ಬಸ್ಸಿನಲ್ಲಿ ದೂರದ ಲ್ಯಾಬಿಗೆ ಕಳಿಸುತ್ತಾರೆ. ಈ ವರ್ಷದ ಮಾಘ ಮಾಸದ ಒಂದು ಬೆಳಗ್ಗೆ ತೊಟ್ಟಿಯ ನೀರು ಎಂದೂ ಇಲ್ಲದಷ್ಟು ತಿಳಿಯಾಗಿ ಇಳಿಯಿತು. ಹಿಂದಿನ ವಾರದ ಬಾಟಲಿಗೆ ಲ್ಯಾಬಿನಿಂದಲೂ ಪಾಸ್ ಎಂದು ಬಂದಿತ್ತು. ಲಲಿತಾಬಾಯಿಗೆ ಹಿಗ್ಗು ತಡೆಯಲಾಗಲಿಲ್ಲ.

“ಆಪಾ, ಬರ್ರಿ, ಇಲ್ಲಿ ನೋಡ್ರಿ! ತಳಾ ಕಾಣ್ತದ!”

ಕುಲಸುಮಬೀ ಬಗ್ಗಿ ನೋಡಿ ಗಲ್ಲಕ್ಕೆ ಕೈ ಹಚ್ಚಿದರು. “ಯಾ ಅಲ್ಲಾ! ಇದು ಆ ಗಟಾರದ ನೀರೇ ಏನ? ನಮ್ಮ ಓಣಿ ಟ್ಯಾಂಕರ್ ನೀರಿಗಿಂತ ಛಲೋ ಅದಲ್ಲ! ಏ ಲಲಿತಾ, ನನ್ನ ಎಮ್ಮಿಗೋಳಿಗಿ ಕೊಡ್ತಿ ಏನ?”

“ಕೊಡ್ತೇನಿ ಆಪಾ. ಯಾಕ ಕೊಡಬಾರದು?”

ಈ ಮಾತನ್ನು ಹೇಳುವಾಗ ಲಲಿತಾಬಾಯಿ ತಮ್ಮ ಬಾಯಿಗೆ ತಾವೇ ಮೆಲ್ಲಗೆ ಹೊಡೆದುಕೊಳ್ಳುತ್ತಾರೆ. “ಅವತ್ತ ಈ ಬಾಯಿಗಿ ಯಾಕ ಅಷ್ಟು ಅವಸರ ಇತ್ತೋ!” ಅವಸರದ ಬೆಲೆ ಬೇರೆಯವರು ತೆತ್ತರು. ಹಲಬರ್ಗಾ ಕಡೆ ತೆರೆದಿದ್ದ ಗೋಶಾಲೆಯಲ್ಲಿ ಕುಲಸುಮಬೀಯವರ ಮೂರೂ ಎಮ್ಮೆಗಳಿಗೆ ಆ ವಾರ ಜಾಗ ಸಿಕ್ಕಿತ್ತು. ನೀರು ಮನೆಬಾಗಿಲಲ್ಲೇ ಸಿಗುತ್ತದೆಂದ ಮೇಲೆ ಅಷ್ಟು ದೂರ ಯಾಕೆ ಎಂದು ಅವರು ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಮಾತು ಕೊಟ್ಟ ಸಂಜೆಯೇ ಲಲಿತಾಬಾಯಿಗೆ ಒಳಗೊಳಗೇ ಕಸಿವಿಸಿ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಎಂದು ಅವರ ತಾಯಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರಂತೆ. ಆ ತಾಯಿಯ ಇನ್ನೊಂದು ಪಾಠವೂ ನೆನಪಾಯಿತು. ನವರಾತ್ರಿಯಲ್ಲಿ ಈ ಸೀಮೆಯ ಮನೆಮನೆಯಲ್ಲೂ ಘಟ ಕೂಡಿಸುತ್ತಾರೆ. ಹೊಲದ ಮಣ್ಣು ಹರಡಿ, ಐದು ಕಾಳು ಬಿತ್ತಿ, ನಡುವೆ ನೀರಿನ ಕೊಡ ಇಡುತ್ತಾರೆ. ಒಂಬತ್ತು ದಿನಕ್ಕೆ ಸಸಿ ಎಷ್ಟು ಎತ್ತರ ಬಂತು, ಯಾವ ಕಾಳು ಮುಂದೆ, ಯಾವುದು ಹಿಂದೆ ಎಂದು ನೋಡಿ ವರ್ಷದ ಬೆಳೆ ಹೇಳುತ್ತಾರೆ. ಹಲಬರ್ಗಾದಲ್ಲಿ ತಾಯಿ ಸಸಿಯ ಎತ್ತರ ನೋಡಿ ಸುಮ್ಮನಾಗುತ್ತಿರಲಿಲ್ಲ, ಒಂದನ್ನು ಕಿತ್ತು ಬೇರನ್ನೂ ನೋಡುತ್ತಿದ್ದರು. ದೇವರ ಹೆಸರಿನಲ್ಲಿ ಮಾಡುತ್ತಿದ್ದದ್ದು ಬೀಜದ ಪರೀಕ್ಷೆಯೂ ಹೌದು, ನೀರಿನ ಪರೀಕ್ಷೆಯೂ ಹೌದು. ಲಲಿತಾಬಾಯಿ ಎರಡು ತಟ್ಟೆ ತಂದರು. ಒಂದಕ್ಕೆ ಬೋರಿನ ನೀರು, ಇನ್ನೊಂದಕ್ಕೆ ಆಗಷ್ಟೇ ತೊಟ್ಟಿಯಿಂದ ಇಳಿದ ನೀರು.

“ಆಪಾ, ಒಂಬತ್ತು ದಿನ ತಡೀರಿ,” ಎಂದರು.

“ಅಲ್ಲವ್ವಾ, ಮಾಘದಾಗ ಯಾವ ದಸರಾ ಬಂತು ನಿನಗ?” ಎಂದು ಕುಲಸುಮಬೀ ನಕ್ಕರು. ಮುಜೀಬೋದ್ದೀನರೂ ನಕ್ಕರು. “ಬಾಯಿ, ಲ್ಯಾಬ್ ಪಾಸ್ ಮಾಡ್ಯದ. ನೀವು ಕಾಳು ಕೇಳ್ತೀರಲ್ರಿ!”

ನಾಲ್ಕನೆಯ ದಿನ ಎರಡೂ ತಟ್ಟೆಯಲ್ಲಿ ಮೊಳಕೆ ಮಣ್ಣೊಡೆದವು. ಲಲಿತಾಬಾಯಿ ಅಂದು ಎರಡು ಲೋಟ ಚಹಾ ಕುಡಿದರು. ಆರನೆಯ ದಿನ ತೊಟ್ಟಿ ನೀರಿನ ಸಸಿಗಳು ಬಾಗಿದವು. ಒಂಬತ್ತನೆಯ ದಿನ ಗುರುವಾರ. ಒಂದನ್ನು ಕಿತ್ತು ನೋಡಿದರೆ ಬೇರಿನ ತುದಿ ಕಂದು, ಕೈಯಲ್ಲಿ ಮುಟ್ಟಿದರೆ ಪುಡಿ. ಪಕ್ಕದ ತಟ್ಟೆಯಲ್ಲಿ ಬೇರು ಬೆಳ್ಳಗೆ, ಗೇಣುದ್ದ. ಮುಜೀಬೋದ್ದೀನರ ನಗು ನಿಂತಿತು. ಅವರು ತಟ್ಟೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿ, ತಮ್ಮ ಚೀಲದಿಂದ ದವಾ ಪತ್ತೆ ಹಚ್ಚುವ ಒಂದು ಕಾಗದದ ಪಟ್ಟಿ ತೆಗೆದು ಆಗಿಳಿದ ನೀರಿನಲ್ಲಿ ಅದ್ದಿದರು. ಪಟ್ಟಿ ಕಡುನೀಲಿಗೆ ತಿರುಗಿತು. ಸುರಿದ ದವಾ ಪೂರ್ತಿ ಖರ್ಚಾಗದೆ ನೀರಿನಲ್ಲೇ ಉಳಿದಿತ್ತು. ಹೊಲಸೂ ಪೂರ್ತಿ ಚೂರಾಗಿರಲಿಲ್ಲ. ಬಣ್ಣ ಹೋಗಿತ್ತು, ಅರ್ಧಂಬರ್ಧ ಒಡೆದ ತುಂಡುಗಳು ಉಳಿದಿದ್ದವು.

ಹಾಗಾದರೆ ಲ್ಯಾಬು ಪಾಸ್ ಮಾಡಿದ್ದು ಹೇಗೆ? ಬಾಟಲಿ ಬಸ್ಸಿನಲ್ಲಿ ಕೂತು, ಗುಮಾಸ್ತರ ಮೇಜಿನ ಮೇಲೆ ಕೂತು, ಪರೀಕ್ಷೆಯವರ ಕೈಗೆ ಸಿಗುವಷ್ಟರಲ್ಲಿ ಮೂರು ದಿನ ಕಳೆಯುತ್ತಿತ್ತು. ಆ ಮೂರು ದಿನದಲ್ಲಿ ಉಳಿದ ದವಾ ತಾನಾಗಿಯೇ ಸಾಯುತ್ತಿತ್ತು, ಸಾಯುವ ಮುಂಚೆ ಉಳಿದ ಹೊಲಸಿನಲ್ಲಿ ಒಂದಿಷ್ಟನ್ನು ಒಡೆದೂ ಹಾಕುತ್ತಿತ್ತು. ಲ್ಯಾಬಿನವರು ನೋಡಿದ್ದು ಬಳಲಿದ ನೀರು. ಲಲಿತಾಬಾಯಿಯ ಕಾಳು ಕುಡಿದದ್ದು ಆಗಷ್ಟೇ ಇಳಿದ, ದವಾ ಇನ್ನೂ ಸಾಯದ ನೀರು. ಇಷ್ಟು ಸಣ್ಣ ಸಂಗತಿ ಓದಿಕೊಂಡ ಯಾರ ತಲೆಗೂ ಹೊಳೆದಿರಲಿಲ್ಲ. ಮುಜೀಬೋದ್ದೀನರು ಅದನ್ನು ಮುಚ್ಚಿಡುವುದಿಲ್ಲ. “ನಾ ಹದಿನಾರು ವರ್ಷ ಓದೀನಿ. ಆ ಮಾತು ಕಾಳಿಗಿ ಗೊತ್ತಿತ್ತು, ನನಗ ಗೊತ್ತಿರಲಿಲ್ಲ,” ಎನ್ನುತ್ತಾರೆ.

ಅದೇ ಗುರುವಾರ ಕುಲಸುಮಬೀ ನೀಲಿ ಬಕೆಟ್ಟು ಹಿಡಿದು ಬಂದರು.

“ಇಲ್ಲ ಆಪಾ. ಕೊಡೋಕ ಆಗಲ್ಲ. ಬೇರು ಸುಟ್ಟಾವ.”

“ಒಂಬತ್ತು ದಿನ ಕಾಯಿಸಿ ಈಗ ಆಗಲ್ಲ ಅಂತಿ? ಗೋಶಾಲಿ ತುಂಬಿ ಹೋಯ್ತಲ್ಲೇ!”

“ನಿಮ್ಮ ಎಮ್ಮಿ ಸತ್ರ ನಾ ಏನು ಮಾಡ್ಲಿ ಆಪಾ?”

“ನೀರಿಲ್ದ ಸತ್ರ ಏನು ಮಾಡ್ತಿ?”

ಕುಲಸುಮಬೀ ಬಯ್ಯಲಿಲ್ಲ, ಅಳಲಿಲ್ಲ. ಬಕೆಟ್ಟನ್ನು ಬಾಗಿಲ ಬಳಿ ಇಟ್ಟು ಬರಿಗೈಯಲ್ಲಿ ಹೋದರು. ಮುಂದಿನ ವಾರ ಎಮ್ಮೆಗಳು ಭಾಲ್ಕಿಯ ದನದ ಸಂತೆಗೆ ಹೋದವು. ಅದರ ಮುಂದಿನ ವಾರ ಕುಲಸುಮಬೀಯೇ ಮಗಳ ಜೊತೆ ಹೈದರಾಬಾದಿನ ಬಸ್ಸು ಹತ್ತಿದರು, ಮದುವೆ ಊಟ ನಡೆಯುವ ಯಾವುದೋ ಶಾದಿಖಾನೆಯಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕೆ. ಹೋಗುತ್ತೇನೆಂದು ಹೇಳಲೂ ಬರಲಿಲ್ಲ.

“ಬಯ್ದಿದ್ರ ಛಲೋ ಇತ್ರಿ. ಬಯ್ದ ಮಂದಿ ತಿರುಗಿ ಬರ್ತಾರ. ಸುಮ್ಮ ಹೋದವ್ರ ದಾರಿ ಹ್ಯಾಂಗ ನೋಡೋದು?” ಲಲಿತಾಬಾಯಿ ಇದನ್ನು ಕೇಳುವುದು ನಮ್ಮನ್ನಲ್ಲ, ಬಕೆಟ್ಟನ್ನು ನೋಡುತ್ತ ಕೇಳುತ್ತಾರೆ.

ಆಮೇಲಿನ ಎರಡು ತಿಂಗಳು ಅವರು ಪಟ್ಟ ಪಾಡನ್ನು ನೋಡಿದವರು ಯಾರೂ ಇಲ್ಲ. ಚಹಾ ಇಲ್ಲ, ಮಾತಿಲ್ಲ. ಬೆಳಿಗ್ಗೆ ಬೆಳ್ಳಿ ಕಾಗದ, ಹಗಲೆಲ್ಲ ಸುಂಯ್ ಸದ್ದು, ಸಂಜೆ ಕಾಳಿನ ತಟ್ಟೆ. ಮುಜೀಬೋದ್ದೀನರು ಹೇಳಿದಂತೆ ದವಾವನ್ನು ಒಮ್ಮೆಗೇ ಸುರಿಯದೆ ನಾಲ್ಕು ಸಲ ಸ್ವಲ್ಪಸ್ವಲ್ಪವೇ ಹಾಕತೊಡಗಿದರು. ಬಿಲ್ಲೆ ದಣಿದ ದಿನ ಮಷೀನನ್ನು ಹೆಚ್ಚು ಹೊತ್ತು ಓಡಿಸಿದರು. ಇಳಿದ ನೀರನ್ನು ಬಯಲು ತೊಟ್ಟಿಯಲ್ಲಿ ಒಂದು ಹಗಲು ಒಂದು ರಾತ್ರಿ ಗಾಳಿ ಊದಿ ಇಟ್ಟರು. ಪ್ರತಿ ಬದಲಾವಣೆಗೂ ಒಂದು ಘಟ, ಪ್ರತಿ ಘಟಕ್ಕೂ ಒಂಬತ್ತು ದಿನ. ಆರು ಘಟ ಹಾಳಾದವು. ಒಂದರಲ್ಲಿ ಹೆಸರು ಬಂದು ಜೋಳ ಬರಲಿಲ್ಲ, ಇನ್ನೊಂದರಲ್ಲಿ ಎಲ್ಲ ಹುಟ್ಟಿ ಎಲ್ಲ ಹಳದಿಯಾದವು. ಏಳನೆಯದರಲ್ಲಿ ಐದಕ್ಕೆ ಐದೂ ಕಾಳು ಎದ್ದು, ಕಿತ್ತರೆ ಬಿಳಿ ಬೇರು, ಬೋರಿನ ತಟ್ಟೆಗೂ ಇದಕ್ಕೂ ಕೂದಲೆಳೆಯಷ್ಟೂ ಫರಕಿಲ್ಲ. ಪಟ್ಟಿ ಅದ್ದಿದರೆ ಬೆಳ್ಳಗೇ ಉಳಿಯಿತು.

ಆ ಹೊತ್ತಿಗೆ ಕಟ್ಟೆಯ ಮೇಲಿನ ಫೋನು ಮಿನುಗಿತು. ಪುಣೆಯಿಂದ ಹಾವಗೆಪ್ಪ.

“ಬೀಜ ಹುಟ್ಯಾವ್ರಿ!” ಎಂದು ಲಲಿತಾಬಾಯಿ ಕೂಗಿದರು.

“ಯಾವ ಬೀಜ? ಊಟ ಆಯ್ತೇನ ಅಂತ ಕೇಳಿದೆ,” ಎಂದರು ಅವರು. ಹೇಳುವಷ್ಟರಲ್ಲಿ ಲೈನು ಹೋಯಿತು. ಏಳು ವರ್ಷದ ದುಡಿಮೆಯಲ್ಲಿ ಕೈಗೆ ಬಂದ ಒಂದೇ ಒಂದು ಹಬ್ಬ, ಹಂಚಿಕೊಳ್ಳಲು ಒಂದು ನರಪಿಳ್ಳೆಯೂ ಇಲ್ಲ. ಲಲಿತಾಬಾಯಿ ತಟ್ಟೆಯನ್ನು ಎತ್ತಿಕೊಂಡು ಗೇಟಿನವರೆಗೆ ಹೋಗಿ, ರಸ್ತೆಯಾಚೆಯ ಬೀಗ ಹಾಕಿದ ಬಾಗಿಲನ್ನು ನೋಡಿ, ತಿರುಗಿ ಬಂದು ಮುಂದಿನ ತೊಟ್ಟಿ ಹಚ್ಚಿದರು.

ಮಳೆಗಾಲದಲ್ಲಿ ಯಾರೋ ನೆಟ್ಟು ಮರೆತುಹೋದ ನಲವತ್ತು ಬೇವಿನ ಸಸಿಗಳು ಆವರಣದ ಗೋಡೆಗುಂಟ ಒಣಗುತ್ತಿದ್ದವು. ಈಗ ದಿನಾ ಸಂಜೆ ಅವಕ್ಕೆ ನೀರು ಬೀಳುತ್ತದೆ. ಮೂವತ್ತೊಂದು ಉಳಿದಿವೆ. ಕಾರಂಜಾ ಜಲಾಶಯ ತಳ ಕಂಡಿರುವ ಈ ಬೇಸಿಗೆಯಲ್ಲಿ ಇಡೀ ರಸ್ತೆಯಲ್ಲಿ ಹೊಸ ಚಿಗುರು ಇರುವುದು ಆ ಗೋಡೆಯ ಬುಡದಲ್ಲಿ ಮಾತ್ರ. ಕಂಡವರು ಇವರನ್ನು ಕೇಳುತ್ತಾರೆ, ಕುಡಿಯಲು ಆಗುತ್ತದೆಯೇ, ದನಕ್ಕೆ ಆಗುತ್ತದೆಯೇ ಎಂದು. ಲಲಿತಾಬಾಯಿಯ ಉತ್ತರ ಒಂದೇ. “ಗಿಡಕ್ಕ ಆಗ್ತದ. ಬೇರು ಒಪ್ಯಾವ. ಕುಡಿಯೋಕ ಆಗ್ತದ ಅಂತ ಯಾರೂ ಇನ್ನಾ ಹೇಳಿಲ್ಲ, ನಾನೂ ಹೇಳಲ್ಲ. ಒಮ್ಮಿ ಹೇಳಿ ಸಾಕಾಗ್ಯದ.”

ಹದಿನೈದು ದಿನದ ಹಿಂದೆ, ತೊಟ್ಟಿ ಓಡುತ್ತಿರುವಾಗ, ಫೋನು ಮಿನುಗಿತು. ಗೊತ್ತಿಲ್ಲದ ನಂಬರು. ಲಲಿತಾಬಾಯಿ ಎಂದೂ ಮಾಡದ ಕೆಲಸ ಮಾಡಿದರು, ಅರ್ಧಕ್ಕೇ ಮಷೀನು ನಿಲ್ಲಿಸಿ ಮುಚ್ಚಳ ಕಿತ್ತೆಸೆದು ಫೋನು ಎತ್ತಿದರು. ಆ ಕಡೆ ಪಾತ್ರೆಗಳ ಸದ್ದು, ಮಂದಿಯ ಗದ್ದಲ. ಸಲಾಮಿಲ್ಲ, ನಮಸ್ಕಾರವಿಲ್ಲ.

“ಬೇರು ಬಂದವಾ?” ಎಂದಿತು ಕುಲಸುಮಬೀಯವರ ದನಿ.

“ಬಂದವ ಆಪಾ.”

“ಬೆಳ್ಳಗ?”

“ಬೆಳ್ಳಗ ಬಂದಾವ ಆಪಾ. ಆದ್ರ ಎಮ್ಮಿಗಿ ಇನ್ನಾ ಕೊಡೋಕ ಬರಲ್ಲ. ಬರೀ ಗಿಡಕ್ಕ.”

“ಎಮ್ಮಿ ಎಲ್ಲ್ಯಾವ ಈಗ? ಇರ್ಲಿ. ಈ ಸಲ ಪೂರ್ತಿ ಖರೇ ಹೇಳ್ದಿ. ಬಕೀಟ ಇಟ್ಟೀಯೇನ?”

“ಇಟ್ಟೀನಿ.”

“ಯಾರಿಗೂ ಕೊಡಬ್ಯಾಡ. ನಂದದು.” ಫೋನು ಇಟ್ಟರು.

ತೊಟ್ಟಿಗೂ ತೊಟ್ಟಿಗೂ ನಡುವಿನ ಬಿಡುವುಗಳಲ್ಲಿ ಇಷ್ಟನ್ನು ಹೇಳುವಷ್ಟರಲ್ಲಿ ಸಂಜೆಯಾಗಿ, ದಿನದ ಕೊನೆಯ ತೊಟ್ಟಿಯೂ ಮುಗಿದಿದೆ. ಲಲಿತಾಬಾಯಿ ಬಯಲು ತೊಟ್ಟಿಯಿಂದ ನೀಲಿ ಬಕೆಟ್ಟು ತುಂಬಿಕೊಂಡು ಗೋಡೆಯ ಕಡೆ ನಡೆಯುತ್ತಾರೆ. ಬೇವಿನ ಸಸಿಗಳಿಗೆ ನೀರು ಹೋಗುವುದು ಅದೇ ಬಕೆಟ್ಟಿನಲ್ಲಿ. ಹಾಜರಿ ಪುಸ್ತಕದಲ್ಲಿ ಆಪರೇಟರ್ ಎಂದು ಬರೆಸಿಕೊಳ್ಳುವ ಆಸೆ ಇಲ್ಲವೇ ಎಂದರೆ, ಬರೆದರೆ ಬರೆಯಲಿ ಎಂಬಂತೆ ಕೈ ಆಡಿಸುತ್ತಾರೆ. ಹಾಗಾದರೆ ಏನು ಬೇಕು ಎಂದು ಕೇಳಿದಾಗ, ಗೇಟಿಗೆ ಎದುರಾಗಿರುವ ಸಸಿಯ ಬುಡಕ್ಕೆ ಉಳಿದವಕ್ಕಿಂತ ಒಂದು ತಂಬಿಗೆ ಹೆಚ್ಚೇ ಸುರಿದು, ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಾರೆ.

“ಆಪಾ ಬಂದಾಗ ಈ ಬೇವಿನ ನೆಳ್ಳಾಗ ಕುಂತು ಚಾ ಕುಡೀಬೇಕ್ರಿ, ಅಷ್ಟೇ. ಗಿಡ ಇನ್ನಾ ಮೊಣಕಾಲಿಗಿ ಬಂದದ, ಇಬ್ಬರಿಗಿ ನೆಳ್ಳು ಸಾಲಲ್ಲ. ಇರ್ಲಿ. ಆಕಿ ನೆಳ್ಳಾಗ ಕುಂದರ್ಲಿ, ನಾ ಬಿಸಲಾಗ ಕುಂದರ್ತೇನಿ.”